ಸಂಜೆಯೊಳಗೆ ಅಳುವವರು ಬೇಕಾಗಿದ್ದಾರೆ

ಆ ದಿನ ಬೆಳಿಗ್ಗೆ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಕಾಗೆಗೆ ಕೂರಲು ಜಾಗದ ಬರವೇನೂ ಇರಲಿಲ್ಲ. ಎತ್ತರದ ದೀಪದ ಕಂಬವಿತ್ತು, ಶೃಂಗೇರಿ ಬಸ್ಸಿನ ನೆತ್ತಿಯಿತ್ತು, ಹೋಟೆಲಿನ ಶೀಟಿನ ಸೂರಿತ್ತು, ಹಣ್ಣಿನ ಗಾಡಿಗೆ ಕಟ್ಟಿದ ನೀಲಿ ಟಾರ್ಪಾಲಿತ್ತು. ಅದೆಲ್ಲವನ್ನೂ ಬಿಟ್ಟು ಅದು ಉಮಾಮಹೇಶ್ವರನ ನಡುನೆತ್ತಿಯನ್ನೇ ಆರಿಸಿಕೊಂಡಿತು. ಬಂದು ಕೂತಿತು, ಎರಡು ಕಾಲೂ ಒತ್ತಿತು, ಹಾರಿಹೋಯಿತು.

ತಪ್ಪು ಪೂರ್ತಿ ಕಾಗೆಯದೆಂದು ಹೇಳುವಂತಿಲ್ಲ. ನಾಲ್ಕು ಹನಿ ಬಿತ್ತೆಂದು ಉಮಾಮಹೇಶ್ವರ ಛತ್ರಿ ಬಿಡಿಸಲು ಹೋಗಿದ್ದ. ಎಂಟು ಕಡ್ಡಿಗಳಲ್ಲಿ ಏಳು ಎದ್ದವು, ಎಂಟನೆಯದು ಮಾತ್ರ ಮಲಗಿಯೇ ಇತ್ತು. ತಲೆ ಬಗ್ಗಿಸಿ ಅದನ್ನು ಎಳೆಯುತ್ತಿದ್ದಾಗ ಈ ಅನಾಹುತ ನಡೆಯಿತು. ಹೋದ ಮಳೆಗಾಲದಲ್ಲಿ ಆ ಕಡ್ಡಿ ಹಾಕಿಕೊಟ್ಟವನು ಅವನ ಅಂಗಡಿಯ ಪಕ್ಕದ ಛತ್ರಿ ರಿಪೇರಿಯ ಅಬ್ದುಲ್ ರಹಮಾನ್. "ಅಪ್ಪಟ ಹೊಸಾ ಕಡ್ಡಿ ಉಮಣ್ಣ. ಛತ್ರಿ ಹೋದ್ರೂ ಕಡ್ಡಿ ಇರ್ತದೆ" ಎಂದಿದ್ದ. ಅಂದಿನಿಂದ ದಿನಕ್ಕೊಮ್ಮೆಯಾದರೂ ಅವರಿಬ್ಬರ ನಡುವೆ ಆ ಕಡ್ಡಿಯ ಮಾತು ಬಂದು, ಜಗಳವಾಗಿ, ಚಹಾದಲ್ಲಿ ಮುಗಿಯುತ್ತಿತ್ತು.

ಉಮಾಮಹೇಶ್ವರ ಹೆದರಿಕೆಯಲ್ಲಿ ಪಳಗಿದವನು. ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಅವನದು ಜೆರಾಕ್ಸ್ ಅಂಗಡಿ. ತಾಲ್ಲೂಕು ಕಚೇರಿಯ ಗುಮಾಸ್ತ ಕೆಮ್ಮಿದರೆ ಎದ್ದು ನಿಲ್ಲುತ್ತಾನೆ. ನಾಯಿ ಕಂಡರೆ ಚಪ್ಪಲಿ ಕೈಗೆ ತೆಗೆದುಕೊಳ್ಳುತ್ತಾನೆ, ಹೊಡೆಯಲು ಅಲ್ಲ, ಓಡಲು. ಅಂಥವನ ತಲೆಯ ಮೇಲೆ ಕಾಗೆ ಕೂತ ಮೇಲೆ ಕೇಳಬೇಕೆ? ಬಸ್ ಸ್ಟ್ಯಾಂಡಿನಿಂದ ಮನೆಗೆ ಓಡಿದ. ಅವನ ಹೆಂಡತಿ ಸರೋಜ ದೋಸೆ ಕಾವಲಿಯ ಮುಂದಿದ್ದಳು. ಅವನ ಅಕ್ಕ ಸೀತಕ್ಕ ಜಗಲಿಯ ಚಿಟ್ಟೆಯ ಮೇಲೆ ಕೂತು ವೀಳ್ಯದೆಲೆಯ ತೊಟ್ಟು ಮುರಿಯುತ್ತಿದ್ದಳು.

"ಅಕ್ಕಾ, ಕಾಗೆ!"

"ಎಲ್ಲಿ ಮುಟ್ಟಿತು?"

"ತಲೆ."

ಸೀತಕ್ಕ ತೊಟ್ಟು ಮುರಿಯುವುದನ್ನು ನಿಲ್ಲಿಸಿದಳು. ಆ ಕೇರಿಯಲ್ಲಿ ಹಲ್ಲಿ, ಬೆಕ್ಕು, ಸೀನು, ಕಾಗೆ ಇವುಗಳ ಕುರಿತ ಕೊನೆಯ ತೀರ್ಪು ಅವಳದು.

"ಭುಜ ಆಗಿದ್ರೆ ಸ್ನಾನ ಸಾಕಿತ್ತು. ತಲೆ ಅಂದ್ರೆ ಸಾವಿನ ಸೂಚನೆ ಮಾಣಿ. ಹೆದರಬೇಡ, ಪರಿಹಾರ ಉಂಟು. ನೀನು ಸತ್ತೆ ಅಂತ ನೆಂಟರಿಗೆ ಸುದ್ದಿ ಕಳಿಸ್ಬೇಕು. ಅವರು ನಂಬಿ ಅಳ್ಬೇಕು. ಒಂದು ಹನಿ ಕಣ್ಣೀರು ಬಿದ್ರೆ ಸಾಕು, ಸಾವು ಬಂದು ಹೋಯ್ತು ಅಂತ ಲೆಕ್ಕ. ಆಮೇಲೆ, ಇಲ್ಲ ಬದುಕಿದಾನೆ ಅಂತ ಹೇಳಿದ್ರಾಯ್ತು."

"ಎಷ್ಟರೊಳಗೆ?"

"ಸೂರ್ಯ ಮುಳುಗೋದ್ರೊಳಗೆ."

"ಹಾಗಾದ್ರೆ ನೀನೇ ಅತ್ತುಬಿಡು ಅಕ್ಕಾ, ಈಗ್ಲೇ."

"ನೀನು ಎದುರಿಗೇ ನಿಂತಿದೀಯಲ್ಲ! ಗೊತ್ತಿದ್ದವರ ಅಳು ಲೆಕ್ಕಕ್ಕಿಲ್ಲ."

ಸರೋಜ ಕಣ್ಣಿಗೆ ಸೆರಗು ಒತ್ತಿಕೊಂಡು, "ಇವತ್ತು ಆ ಸಿನಿಮಾದ ಶೂಟಿಂಗಿಗೆ ಹೋಗ್ಬೇಡಿ" ಎಂದಳು. ಉಮಾಮಹೇಶ್ವರನಿಗೂ ಅದೇ ಆಸೆ. ಆದರೆ ಅವನು ಒಪ್ಪಂದಪತ್ರಕ್ಕೆ ಸಹಿ ಹಾಕಿದ್ದ. ಅದರ ಮೂರು ಪ್ರತಿ ತೆಗೆದವನೂ ಅವನೇ. ಸಾವಿಗಿಂತ ಸ್ಟ್ಯಾಂಪ್ ಪೇಪರಿನ ಹೆದರಿಕೆ ಅವನಿಗೆ ಒಂದು ಗುಲಗಂಜಿ ಹೆಚ್ಚು. ನೆಂಟರಿಗೆ ಸುದ್ದಿ ಮುಟ್ಟಿಸುವ ಕೆಲಸ ಸೀತಕ್ಕ ವಹಿಸಿಕೊಂಡಳು. ಅವನು ನರಸಿಂಹರಾಜಪುರದ ಬಸ್ಸು ಹತ್ತಿದ.

ಈ ಸಿನಿಮಾದ ವಿಷಯ ಸ್ವಲ್ಪ ಹೇಳಬೇಕು. 'ಕಗ್ಗತ್ತಲ ಕಾರ್ಖಾನೆ' ಎಂಬುದೊಂದು ವಿಡಿಯೋ ಗೇಮ್. ಉಮಾಮಹೇಶ್ವರನ ಮಗಳು ಅನನ್ಯ ಫೋನಿನಲ್ಲಿ ಅದನ್ನು ಆಡುವಾಗ ಮನೆಯವರೆಲ್ಲ ಬೇರೆ ಕೋಣೆಗೆ ಹೋಗುತ್ತಿದ್ದರು, ಅಷ್ಟು ಕಿರುಚಾಟ. ಪಾಳುಬಿದ್ದ ಹನ್ನೊಂದು ಮಹಡಿಯ ಕಾರ್ಖಾನೆ. ಒಬ್ಬ ನಾಯಕ ಟಾರ್ಚು, ಕೊಡಲಿ ಹಿಡಿದು ಮಹಡಿ ಹತ್ತುತ್ತಾನೆ. ಪ್ರತಿ ಮಹಡಿಯಲ್ಲೂ ಒಬ್ಬ ಕಾವಲುಗಾರ. ನಾಯಕ ಅವನನ್ನು ಕೊಲ್ಲುತ್ತಾನೆ. ಆಟ ಮಾಡಿದವರು ಶ್ರಮ ಉಳಿಸಲು ಹನ್ನೊಂದು ಕಾವಲುಗಾರರಿಗೂ ಒಂದೇ ಮುಖ ಅಂಟಿಸಿದ್ದರು: ಕಣ್ಣು ಹೊರಗೆ, ಬಾಯಿ ತೆರೆದು, ಜೀವವೇ ಹೆದರಿ ನಿಂತ ಮುಖ. ಆಡುವವರಿಗೆ ನಾಯಕನಿಗಿಂತ ಆ ಮುಖದ ಮೇಲೇ ಪ್ರೀತಿ ಹೆಚ್ಚಾಗಿತ್ತು.

ಈಗ ಅದನ್ನು ಸಿನಿಮಾ ಮಾಡಲು ಬೆಂಗಳೂರಿನಿಂದ ವಿಘ್ನೇಶ್ವರ ಎಂಬ ನಿರ್ದೇಶಕ ಬಂದಿದ್ದ. ಕಾರ್ಖಾನೆಯಾಗಲು ನರಸಿಂಹರಾಜಪುರದ ಹೊರಗಿನ ಮುಚ್ಚಿದ ಅಕ್ಕಿ ಗಿರಣಿ ಸಿಕ್ಕಿತ್ತು. ಮುಖ ಮಾತ್ರ ಸಿಕ್ಕಿರಲಿಲ್ಲ. ಒಂದು ದಿನ ಅವನು ಪರವಾನಗಿಯ ಕಾಗದ ಜೆರಾಕ್ಸ್ ಮಾಡಿಸಲು ಕೊಪ್ಪಕ್ಕೆ ಬಂದಾಗ ಯಂತ್ರದಲ್ಲಿ ಚಟ್ಟೆಂದು ಕಿಡಿ ಹಾರಿತು. ಉಮಾಮಹೇಶ್ವರ ಹೆದರಿದ. ವಿಘ್ನೇಶ್ವರ ಅಲ್ಲೇ ಅವನ ಕೈ ಹಿಡಿದುಕೊಂಡ.

"ಸರ್, ಈ ಮುಖಕ್ಕೆ ನಾನು ಮೂರು ಜಿಲ್ಲೆ ಸುತ್ತಿದೀನಿ."

"ಒಬ್ಬನೇ ಹನ್ನೊಂದು ಸಲ ಹೆಂಗೆ ಸಾಯೋದು?" ಎಂದು ಉಮಾಮಹೇಶ್ವರ ಕೇಳಿದ್ದ.

"ಆಟದಲ್ಲಿ ಯಾರೂ ಕೇಳಲ್ಲ ಸರ್. ಸಿನಿಮಾದಲ್ಲಿ ಕೇಳ್ತಾರೆ. ಅದಕ್ಕೇ ಹನ್ನೊಂದು ಜನ ಅಣ್ಣತಮ್ಮಂದಿರು ಅಂತ ಮಾಡಿದೀವಿ."

"ಅಯ್ಯೋ ಪಾಪ. ಅವರ ಅಮ್ಮ ಎಷ್ಟು ಅಳ್ತಾಳೋ."

"ಅಮ್ಮ ಇಲ್ಲ ಸರ್. ಆಟದಲ್ಲಿ ಯಾರೂ ಅಳೋದಿಲ್ಲ. ಅಳ್ತಾ ಕೂತ್ರೆ ಮುಂದಿನ ಮಹಡಿ ಹತ್ತೋದು ಯಾವಾಗ?"

ಹೀಗೆ ಎಂಟು ದಿನಗಳಲ್ಲಿ ಎಂಟು ಸಾವು ಮುಗಿದಿದ್ದವು. ಉಳಿದ ಮೂರನ್ನು ಈ ದಿನ ಒಟ್ಟಿಗೆ ಮುಗಿಸುವುದೆಂದಿತ್ತು. ಸತ್ತು ಬಂದ ಉಮಾಮಹೇಶ್ವರ ಸುಮ್ಮನಿರಲಿಲ್ಲ. ಪ್ರತಿ ಸಾವಿನ ಫೋಟೋವನ್ನೂ ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದ. "ಇಂದು ಐದನೆಯದು. ಕುತ್ತಿಗೆ" ಎಂದು ಕೆಳಗೆ ಬರೆದ. ಮೆಣಸೆಯ ಬಾವನಿಗೆ ಫೋನು ಮಾಡಿ ಆರನೆಯ ಸಾವನ್ನು ನರಳಿ ತೋರಿಸಿದ. ಬಸ್ಸಿನ ಕಂಡಕ್ಟರಿಗೆ ಏಳನೆಯದನ್ನು ಸೀಟಿನಿಂದ ಜಾರಿ ಬಿದ್ದು ತೋರಿಸಿದ. ಹುಟ್ಟಿದ ಮೇಲೆ ಮೊದಲ ಬಾರಿ ಜನ ಅವನನ್ನು ನೋಡಿ ಚಪ್ಪಾಳೆ ತಟ್ಟಿದ್ದರು. ಆ ಚಪ್ಪಾಳೆಯ ಫಲ ಈ ದಿನ ಅವನ ಕೈ ಸೇರಲಿತ್ತು.

ಗಿರಣಿಯ ಕಿಟಕಿಗಳಿಗೆಲ್ಲ ಕರಿ ಬಟ್ಟೆ ಹೊಡೆದು ಹಗಲನ್ನು ರಾತ್ರಿ ಮಾಡಿದ್ದರು. ಇದು ಉಮಾಮಹೇಶ್ವರನ ಪ್ರಾಣಕ್ಕೆ ಬಂತು. ಒಳಗಿದ್ದರೆ ಸೂರ್ಯ ಎಲ್ಲಿದ್ದಾನೆಂದು ತಿಳಿಯುವುದಿಲ್ಲ. ನಟರ ಫೋನುಗಳನ್ನು ನಿರ್ದೇಶಕನ ಸಹಾಯಕಿ ಅರ್ಪಣಾ ಒಂದು ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದಳು.

"ಗಂಟೆ ಎಷ್ಟಾಯ್ತಮ್ಮಾ?"

"ಹತ್ತೂವರೆ ಅಂಕಲ್. ಈಗಷ್ಟೇ ಕೇಳಿದ್ರಿ."

ಒಂಬತ್ತನೆಯ ಸಾವು ತಂತಿಯ ಬಲೆಯಲ್ಲಿ. ತಂತಿ ರಬ್ಬರಿನದೆಂದು ಹೇಳಿದರು. ರಬ್ಬರಿನಿಂದ ಸತ್ತವರು ಇಲ್ಲವೇ ಎಂದು ಅವನು ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಅವನ ಬಾಯಿ ತೆರೆಯಿತು, ಕಣ್ಣು ಹೊರಗೆ ಬಂತು. ವಿಘ್ನೇಶ್ವರ ಕುರ್ಚಿಯಿಂದ ಎದ್ದೇ ನಿಂತ. "ಎಂಥಾ ಭಯ! ಅರ್ಪಣಾ, ನೋಡು, ಇವತ್ತು ಸರ್ ಬೇರೆ ಲೆವೆಲ್‌ನಲ್ಲಿದಾರೆ!"

ಒಂಬತ್ತನೆಯ ಸಾವಿನಿಂದ ಎದ್ದವನೇ ಉಮಾಮಹೇಶ್ವರ ಫೋನು ಈಸಿಕೊಂಡು ಮನೆಗೆ ಕರೆ ಮಾಡಿದ.

"ಅಕ್ಕಾ, ಯಾರು ಅತ್ತರು?"

"ತಡಿ ಮಾಣಿ. ಮೆಣಸೆಗೆ ಮಾಡಿದ್ದೆ. ನಿನ್ನ ಬಾವ ಸುಬ್ಬಯ್ಯ ಎತ್ತಿದ. 'ಉಮಾಮಹೇಶ್ವರ ಹೋಗ್ಬಿಟ್ಟ' ಅಂದೆ. ದನಿ ನಡುಗಿಸಿಯೇ ಅಂದೆ."

"ಎಂತ ಅಂದ?"

"'ಎಷ್ಟನೇದು?' ಅಂದ. ಅಡಿಕೆ ಸುಲಿತಾ ಇದ್ನಂತೆ. 'ಹನ್ನೊಂದೂ ಮುಗೀಲಿ, ಒಟ್ಟಿಗೆ ಬತ್ತೆ' ಅಂದ."

ಉಮಾಮಹೇಶ್ವರ ಗೋಡೆಗೆ ಒರಗಿದ.

"ಕೆರೆಕಟ್ಟೆ ಚಿಕ್ಕಮ್ಮ? ಅವಳು ಜಾಹೀರಾತು ನೋಡಿದ್ರೂ ಅಳ್ತಾಳಲ್ಲ!"

"ಅವಳ ಫೋನಿಗೆ ನೆಟ್‌ವರ್ಕ್ ಇಲ್ಲ. ಬಸ್ಸಿನ ಕಂಡಕ್ಟರ್ ಹತ್ರ ಹೇಳಿ ಕಳಿಸಿದೀನಿ. ಧೈರ್ಯವಾಗಿರು."

ಧೈರ್ಯವಾಗಿರು ಎಂದರೆ ಎಲ್ಲಿಂದ ಇರುವುದು? ಅವನು ಕರಿ ಬಟ್ಟೆಯ ಅಂಚು ಎತ್ತಿ ಹೊರಗೆ ನೋಡಿದ. ಸೂರ್ಯ ನೆತ್ತಿ ದಾಟಿದ್ದ. ಎದುರಿನ ವಿದ್ಯುತ್ ತಂತಿಯ ಮೇಲೆ ಒಂದು ಕಾಗೆ ಕೂತಿತ್ತು. ಕೊಪ್ಪದ ಕಾಗೆಯೇ ಇಲ್ಲಿಯವರೆಗೆ ಬಂದಿದೆಯೆಂಬುದರಲ್ಲಿ ಅವನಿಗೆ ಸಂಶಯ ಉಳಿಯಲಿಲ್ಲ. ಬಟ್ಟೆ ಇಳಿಬಿಟ್ಟು ಒಳಗೆ ಬಂದ. ಊಟ ಸೇರಲಿಲ್ಲ. ಅನ್ನ ಗಂಟಲಿಗೆ ಸಿಕ್ಕಿ ಸಾಯಬಹುದೆಂದು ಮಜ್ಜಿಗೆ ಮಾತ್ರ ಕುಡಿದ, ಅದೂ ಗುಟುಕು ಗುಟುಕಾಗಿ.

ಹತ್ತನೆಯ ಸಾವು ಕೊಡಲಿಯದು. ಕೊಡಲಿ ಥರ್ಮಾಕೋಲಿನದು. ಉಮಾಮಹೇಶ್ವರ ಅದನ್ನು ಮೂರು ಸಲ ಒತ್ತಿ ನೋಡಿದ, ಒಂದು ಸಲ ಮೂಸಿಯೂ ನೋಡಿದ. ಆದರೂ ಅದು ಮೇಲೇಳುವ ಮೊದಲೇ ಎಂಥ ಕೂಗು ಹಾಕಿದನೆಂದರೆ, ನಾಯಕನ ಪಾತ್ರದವನು ಕೊಡಲಿ ಬಿಟ್ಟು ಬಾಗಿಲಿನವರೆಗೆ ಓಡಿದ. ಅವನನ್ನು ಸಮಾಧಾನ ಮಾಡಿ ಕರೆತರಲು ಅರ್ಧ ಗಂಟೆ ಬೇಕಾಯಿತು. ವಿಘ್ನೇಶ್ವರ ಮಾತ್ರ ಆನಂದದಿಂದ ತನ್ನ ತೊಡೆಯನ್ನು ತಾನೇ ಬಡಿದುಕೊಳ್ಳುತ್ತಿದ್ದ.

ಮತ್ತೆ ಫೋನು. ಸೀತಕ್ಕನ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

"ಕೆರೆಕಟ್ಟೆ ಬಸ್ಸು ವಾಪಸ್ ಬಂತು ಮಾಣಿ. ಚಿಕ್ಕಮ್ಮ 'ಈ ಸಲ ಕೊಡಲಿಯಲ್ಲೋ ಬಂದೂಕಿನಲ್ಲೋ' ಅಂತ ಕೇಳಿ ಕಳಿಸಿದಾಳೆ. ಒಂದು ಡಬ್ಬಿ ಚಕ್ಕುಲಿನೂ ಕಳಿಸಿದಾಳೆ."

"ವಾಟ್ಸಾಪು?"

"ಅನನ್ಯ ಹಾಕಿದ್ಲು. 'ನಮ್ಮಪ್ಪ ಇನ್ನಿಲ್ಲ' ಅಂತ. ಇಪ್ಪತ್ತಮೂರು ಜನ ಹೆಬ್ಬೆರಳು ಒತ್ತಿದಾರೆ. ಕಡಹಿನಬೈಲಿನ ಭವ್ಯ ಅಭಿನಂದನೆ ಅಂತ ಬರೆದಿದಾಳೆ."

"ಊರಲ್ಲಿ ಯಾರಾದ್ರೂ?"

"ನೆಂಟರಲ್ಲದಿದ್ರೂ ಅಡ್ಡಿಯಿಲ್ಲ ಅಂತ ನಾನೇ ತಾಲ್ಲೂಕು ಕಚೇರಿಗೂ ಹೋಗಿ ಬಂದೆ. ಗುಮಾಸ್ತ ವಿಜಯನ ಹತ್ರ ಹೇಳ್ದೆ. ತಲೆ ಮೇಲೆ ಕೈ ಹೊತ್ತು ಕೂತ. 'ಛೇ ಛೇ' ಅಂದ."

ಉಮಾಮಹೇಶ್ವರನ ಎದೆ ಹೂವಾಯಿತು. "ಅತ್ತನಾ?"

"ಇಲ್ಲ. ಅರ್ಜಿ ಕೊಡಿ, ಜೊತೆಗೆ ಮೂರು ಜೆರಾಕ್ಸ್ ತನ್ನಿ ಅಂದ. ಜೆರಾಕ್ಸಿನವನೇ ಸತ್ತಿದಾನಲ್ಲ ಅಂದೆ. 'ಅದೇ ಚಿಂತೆ, ಬೆಳಿಗ್ಗೆಯಿಂದ ಅಂಗಡಿ ಮುಚ್ಚಿ ಜನರಿಗೆಲ್ಲ ತೊಂದರೆ' ಅಂತ ನಿನ್ನ ಬೈದ."

ಗಂಟೆ ನಾಲ್ಕೂಕಾಲು. ಐವತ್ತೆರಡು ವರ್ಷ ಬದುಕಿ, ಒಂದು ಹನಿ ಕಣ್ಣೀರಿಗೆ ಗತಿಯಿಲ್ಲದೆ ಅವನು ಗಿರಣಿಯ ಮೆಟ್ಟಿಲ ಮೇಲೆ ಕೂತ. ಅರ್ಪಣಾಗೆ ಕನಿಕರ ಹುಟ್ಟಿ ಏನೆಂದು ಕೇಳಿದಳು. ಅವನು ಕಾಗೆಯಿಂದ ಹಿಡಿದು ಚಕ್ಕುಲಿಯವರೆಗೆ ಹೇಳಿದ.

"ಅಳು ತಾನೇ ಅಂಕಲ್? ನಮ್ಮ ಹತ್ರ ಗ್ಲಿಸರಿನ್ ಇದೆ. ಎರಡು ಹನಿ ಹಾಕ್ಕೊಂಡು ನಾನೇ ಅಳ್ತೀನಿ ಬಿಡಿ."

ಅವನು ಕೂಡಲೇ ಸೀತಕ್ಕನಿಗೆ ಫೋನು ಮಾಡಿ ಗ್ಲಿಸರಿನ್ ನಡೆಯುತ್ತದೆಯೇ ಎಂದು ಕೇಳಿದ.

"ಗ್ಲಿಸರಿನ್‌ಗೆ ನಿನ್ನ ಮೇಲೆ ಪ್ರೀತಿ ಉಂಟಾ?" ಎಂದಳು ಸೀತಕ್ಕ. ಹಿಂದುಗಡೆ ಸರೋಜ ಏನೋ ಹೇಳುತ್ತ ಹೊರಗೆ ಹೋದದ್ದು ಫೋನಿನಲ್ಲಿ ಕೇಳಿಸಿತು.

ಹನ್ನೊಂದನೆಯ ಸಾವಿನಲ್ಲಿ ಕಾವಲುಗಾರ ಮೇಲಿನ ಅಟ್ಟದಿಂದ ಕೆಳಗೆ ಬೀಳಬೇಕು. ಬೀಳಲು ಗೊಂಬೆ ಮಾಡಿಸಿದ್ದರು. ಗೊಂಬೆಗೆ ಅವನದೇ ಅಂಗಿ, ಅವನದೇ ಮೀಸೆ, ರಬ್ಬರಿನಲ್ಲಿ ಅಚ್ಚು ತೆಗೆದ ಅವನದೇ ಮುಖ. ವಿಘ್ನೇಶ್ವರ ಕೈ ಎತ್ತಿದ. ಗೊಂಬೆ ದೊಪ್ಪೆಂದು ಬಿತ್ತು, ತಲೆ ಕಳಚಿ ಉರುಳಿ ಉಮಾಮಹೇಶ್ವರನ ಕಾಲ ಬುಡಕ್ಕೆ ಬಂದು, ಅವನನ್ನೇ ನೋಡುತ್ತ ನಿಂತಿತು.

ಅವನು ಎರಡು ಹೆಜ್ಜೆ ಹಿಂದಕ್ಕೆ ಸರಿದ. "ಸಾರ್... ಇದನ್ನ ನಾಳೆ ಮಾಡೋಣವಾ?"

"ಗೊಂಬೆ ಬಿದ್ದಾಯ್ತು ಸರ್. ನೀವು ಅದರ ಜಾಗದಲ್ಲಿ ಮಲಗೋದಷ್ಟೇ. ಕಣ್ಣು ಬಿಟ್ಕೊಂಡು. ನಾಯಕ ಟಾರ್ಚು ಬಿಟ್ಟು ನೋಡಿ ಹೋಗ್ತಾನೆ. ಮುಗೀತು."

ಮುಗೀತು ಎಂಬ ಮಾತೇ ಅವನಿಗೆ ಬೇಡವಾಗಿತ್ತು. "ಗಂಟೆ ಎಷ್ಟಮ್ಮಾ?" "ಐದು ಐವತ್ತು." ಕೆನ್ನೆಗೆ ಕೆಂಪು ಬಣ್ಣ ಹಚ್ಚಿ ಅವನನ್ನು ನೆಲದ ಮೇಲೆ ಮಲಗಿಸಿದರು. ತಲೆಯ ಕೆಳಗೆ ಬಟ್ಟಲಷ್ಟು ರಕ್ತ ಸುರಿದರು, ಅದು ತಣ್ಣಗಿತ್ತು. ದೀಪಗಳು ಆರಿದವು. ಕತ್ತಲಲ್ಲಿ ಅವನು ಕಣ್ಣು ಬಿಟ್ಟುಕೊಂಡು ಮಲಗಿದ. ಹೊರಗೆ, ಅಣೆಕಟ್ಟಿನ ಹಿನ್ನೀರಿನ ಆಚೆ, ಸೂರ್ಯ ಇಳಿಯುತ್ತಿರುವುದು ಅವನ ಬೆನ್ನಿಗೆ ತಿಳಿಯುತ್ತಿತ್ತು.

"ಆ್ಯಕ್ಷನ್!"

ಟಾರ್ಚಿನ ಬೆಳಕು ಮುಖಕ್ಕೆ ಬಿತ್ತು. ಅದೇ ಹೊತ್ತಿಗೆ ಗಿರಣಿಯ ಬಾಗಿಲಿನಲ್ಲಿ ಗದ್ದಲ ಕೇಳಿಸಿತು. "ಬಿಡ್ರಿ! ಎಲ್ಲಿ? ಎಲ್ಲಿ ಮಲಗಿಸಿದಾರೆ?" ಎಂದು ಯಾರೋ ಕೂಗಿದರು. ಬಾಗಿಲಿನವರನ್ನು ಛತ್ರಿಯಿಂದ ಸರಿಸಿಕೊಂಡು ಒಬ್ಬ ಮನುಷ್ಯ ಒಳಗೆ ನುಗ್ಗಿದ. ಟೋಪಿ ಓರೆಯಾಗಿತ್ತು, ಅಂಗಿಯ ಜೇಬಿನಲ್ಲಿ ಇಕ್ಕಳ ಹಾಗೇ ಇತ್ತು. ಅಬ್ದುಲ್ ರಹಮಾನ್!

ಆಮೇಲೆ ತಿಳಿದದ್ದು ಇಷ್ಟು. ಮಧ್ಯಾಹ್ನ ಸೀತಕ್ಕ ಹೇಳಿದಾಗ ಅವನೂ "ಎಷ್ಟನೇದು?" ಎಂದು ನಕ್ಕಿದ್ದ. ಆದರೆ ಐದು ಗಂಟೆಯ ಹೊತ್ತಿಗೆ ಸರೋಜ ಬಂದು, ಮುಚ್ಚಿದ ಜೆರಾಕ್ಸ್ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಶಟರಿಗೆ ತಲೆ ಕೊಟ್ಟು ಅತ್ತಿದ್ದಳು. ಅವಳು ಅತ್ತದ್ದು ಯಾರೂ ಅಳಲಿಲ್ಲವೆಂಬ ಹೆದರಿಕೆಗೆ. ಅವನಿಗೆ ಅದು ಹೇಗೆ ಗೊತ್ತಾಗಬೇಕು? ಗೆಳೆಯನ ಹೆಂಡತಿ ಅಳುವುದನ್ನು ಕಂಡವನು ಒಂದು ಮಾತೂ ಕೇಳಲಿಲ್ಲ. ಹಬ್ಬಕ್ಕೂ ಅರ್ಧ ದಿನ ತೆರೆದಿಡುತ್ತಿದ್ದ ಅಂಗಡಿಯ ಶಟರು ಎಳೆದು, ಹೊರಟಿದ್ದ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿದ್ದ.

"ಉಮಣ್ಣಾ!" ಅಬ್ದುಲ್ ರಹಮಾನ್ ಹೆಣದ ಪಕ್ಕದಲ್ಲಿ ಮಂಡಿಯೂರಿದ. "ಅಯ್ಯೋ ಉಮಣ್ಣಾ! ಸಿನಿಮಾ ಸಿನಿಮಾ ಅಂತ ನಿಜವಾಗಿ ಸಾಯಿಸಿಬಿಟ್ರಲ್ಲೋ! ಹೆದರುಪುಕ್ಕಲ, ಪಾಪ, ಇರುವೆಗೂ ದಾರಿ ಬಿಡ್ತಿದ್ದ! ಇನ್ನು ನಾನು ಯಾರ ಹತ್ರ ಜಗಳ ಆಡ್ಲಿ? ಬೆಳಿಗ್ಗೆ ಯಾರ ಜೊತೆ ಚಹಾ ಕುಡೀಲಿ?"

ನಾಯಕ ಟಾರ್ಚು ಹಿಡಿದು ಕಲ್ಲಾಗಿ ನಿಂತ. ವಿಘ್ನೇಶ್ವರ ಕಟ್ ಎನ್ನಲಿಲ್ಲ. ಅಬ್ದುಲ್ ರಹಮಾನನ ಗಡ್ಡದಿಂದ ಒಂದು ಬಿಸಿ ಹನಿ ಜಾರಿ ಹೆಣದ ಕೆನ್ನೆಯ ಮೇಲೆ ಬಿತ್ತು. ಮತ್ತೊಂದು ಬಿತ್ತು. ಹೆಣಕ್ಕೆ ಎದ್ದು ಕುಣಿಯಬೇಕೆನಿಸಿತು. ಆದರೆ ಒಪ್ಪಂದಪತ್ರದ ನೆನಪಾಗಿ ಅಲುಗದೆ ಮಲಗಿತು.

"ತಪ್ಪಾಯ್ತು ಉಮಣ್ಣ, ನನ್ನ ಮಾಫ್ ಮಾಡು" ಎಂದು ಅಬ್ದುಲ್ ರಹಮಾನ್ ಎದೆಗೆ ಕೈ ಒತ್ತಿಕೊಂಡ. "ಆ ಎಂಟನೇ ಕಡ್ಡಿ... ಅದು ಹೊಸದಲ್ಲ. ಸೀತಕ್ಕನ ಹರಿದ ಛತ್ರಿಯಿಂದ ಕಿತ್ತು ಹಾಕಿದ್ದೆ."

ಹೆಣ ಧಡಕ್ಕನೆ ಎದ್ದು ಕೂತಿತು.

"ಹಳೇ ಕಡ್ಡಿಯಾ?"

ಅಬ್ದುಲ್ ರಹಮಾನ್ ಒಂದು ಸಲ ರಕ್ತ ಸೋರುವ ಆ ಮುಖವನ್ನು ನೋಡಿದ. ಕಣ್ಣು ಮೇಲೆ ಹೋಯಿತು. ಛತ್ರಿಯ ಸಮೇತ ಹಿಂದಕ್ಕೆ ಮಗುಚಿದ.

ಈಗ ಹೆದರುವ ಸರದಿ ಮತ್ತೆ ಉಮಾಮಹೇಶ್ವರನದು. "ಭಾಯ್! ಭಾಯ್! ಯಾರಾದ್ರೂ ನೀರು ತನ್ನಿ! ಕಡ್ಡಿ ಹಳೇದಾದ್ರೆ ಆಗ್ಲಿ, ಏಳಿ ಭಾಯ್!" ಎಂದು ಅವನು ಬೆಳಿಗ್ಗೆಯಿಂದ ಯಾರೂ ಅಳದ ಅಳುವನ್ನೆಲ್ಲ ಒಬ್ಬನೇ ಅತ್ತ. ಅರ್ಪಣಾ ನೀರು ಚಿಮುಕಿಸಿದಳು. ಅಬ್ದುಲ್ ರಹಮಾನ್ ಒಂದು ಕಣ್ಣು ತೆರೆದ.

"ಉಮಣ್ಣ. ಸತ್ತಿಲ್ವಾ?"

"ಇಲ್ಲ ಭಾಯ್."

"ಹಾಗಾದ್ರೆ ಕಡ್ಡಿ ವಿಷಯ ನಾನು ಹೇಳಿಲ್ಲ."

ಉಮಾಮಹೇಶ್ವರ ಡಬ್ಬಿಯಿಂದ ಫೋನು ಎತ್ತಿಕೊಂಡು ಹೊರಗೆ ಓಡಿದ. ಹಿನ್ನೀರಿನ ಅಂಚಿನಲ್ಲಿ ಸೂರ್ಯ ಇನ್ನೂ ಒಂದು ಬೆರಳಿನಷ್ಟು ಉಳಿದಿದ್ದ. ಫೋನಿನಲ್ಲಿ ಕೂಗಿದ, "ಅಕ್ಕಾ, ಅತ್ತರು! ರಹಮಾನ್ ಭಾಯ್ ಅತ್ತರು!"

ಸೀತಕ್ಕ ವಿಚಾರಣೆ ಬಿಡಲಿಲ್ಲ. "ನಂಬಿ ಅತ್ತರಾ? ಕಣ್ಣೀರು ಬಿತ್ತಾ?"

"ನನ್ನ ಕೆನ್ನೆ ಮೇಲೇ ಬಿತ್ತು."

"ಹಾಗಾದ್ರೆ ಆಯ್ತು. ನೆಂಟರು ಯಾರೂ ಅಳಲಿಲ್ಲ, ಇನ್ನು ಅವರನ್ನೇ ನೆಂಟರು ಅಂತ ಇಟ್ಕೊ. ಕರ್ಕೊಂಡು ಬಾ, ಚಕ್ಕುಲಿ ಉಂಟು." ಅಷ್ಟರಲ್ಲಿ ಗಿರಣಿಯ ಬಾಗಿಲಿನಲ್ಲಿ ಯಾರೋ ಸೀತಕ್ಕನ ಛತ್ರಿಯ ಮಾತೆತ್ತಿ ನಕ್ಕರು. "ಅದೆಂತದು, ಹಿಂದೆ ನನ್ನ ಛತ್ರಿ ಅಂತ ಯಾರೋ ಹೇಳಿದ ಹಾಗೆ ಕೇಳ್ತು?" ಎಂದಳು. ಉಮಾಮಹೇಶ್ವರ ನೆಟ್‌ವರ್ಕ್ ಇಲ್ಲವೆಂದು ಫೋನು ಇಟ್ಟ.

ಹೆಣ ಮಾತಾಡಿದ್ದರಿಂದ ಹನ್ನೊಂದನೆಯ ಸಾವು ಕೆಟ್ಟಿತ್ತು. ಅಳುವನ್ನು ಮಾತ್ರ ಸಿನಿಮಾದಲ್ಲಿ ಇಟ್ಟುಕೊಳ್ಳುವುದೆಂದು ವಿಘ್ನೇಶ್ವರ ಆಗಲೇ ತೀರ್ಮಾನಿಸಿದ್ದ. ಆಟದಲ್ಲಿ ಯಾರೂ ಅತ್ತಿರದಿದ್ದರೆ ಅದು ಆಟದ ತಪ್ಪು ಎಂದ. ಮತ್ತೆ ಮಲಗಿಸಿ ಏಳು ಸಲ ತೆಗೆದರು. ಏಳು ಸಲವೂ ಹೆಣದ ಮುಖದಲ್ಲಿ ಮದುವೆ ಮನೆಯ ಕಳೆ.

"ಸರ್, ಭಯ ಎಲ್ಲಿ ಸರ್?"

"ಹೋಯ್ತು" ಎಂದ ಉಮಾಮಹೇಶ್ವರ, ನಗುತ್ತ.

ವಿಘ್ನೇಶ್ವರ ತಲೆ ಹಿಡಿದುಕೊಂಡು ನಾಳೆ ಬನ್ನಿ ಎಂದ. ಅಬ್ದುಲ್ ರಹಮಾನ್ ಅವನ ಜೊತೆಗೇ ಕೊಪ್ಪದ ಬಸ್ಸು ಹತ್ತಿದ. ಇಳಿಯುವಾಗ, "ಇನ್ನು ಮೇಲೆ ಸಾಯೋದಿದ್ರೆ ಮೊದಲೇ ಹೇಳಿ ಸಾಯಿ, ಮಾರಾಯ" ಎಂದ. ಅಷ್ಟರಲ್ಲಿ ಉಮಾಮಹೇಶ್ವರನ ಫೋನು ಹೊಡೆದುಕೊಂಡಿತು. ಅರ್ಪಣಾ.

"ಅಂಕಲ್, ಡೈರೆಕ್ಟರ್‌ಗೆ ನಿಮ್ಮ ಕಾಗೆ ವಿಷಯ ಹೇಳ್ದೆ. ತುಂಬಾ ಖುಷಿಯಾದ್ರು. ನಾಳೆಗೆ ಒಂದು ಕಾಗೆ ವ್ಯವಸ್ಥೆ ಮಾಡ್ತಾರಂತೆ."

ಮರುದಿನ ಬೆಳಿಗ್ಗೆ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿದ್ದವರು ಒಂದು ನೋಟ ಕಂಡರು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಇಬ್ಬರು ನಡುವಯಸ್ಸಿನ ಗಂಡಸರು ಒಂದೇ ಛತ್ರಿಯಡಿ ಭುಜಕ್ಕೆ ಭುಜ ಒತ್ತಿಕೊಂಡು, ಪುಟ್ಟ ಹೆಜ್ಜೆ ಇಡುತ್ತ ನರಸಿಂಹರಾಜಪುರದ ಬಸ್ಸಿನ ಕಡೆ ಹೋಗುತ್ತಿದ್ದರು. ಛತ್ರಿಯ ಎಂಟು ಕಡ್ಡಿಗಳೂ ನೆಟ್ಟಗೆ ನಿಂತಿದ್ದವು. ಎಂಟನೆಯದು ಥಳಥಳ ಹೊಳೆಯುತ್ತಿತ್ತು. ಜೆರಾಕ್ಸಿಗೆಂದು ಕಾಗದ ಹಿಡಿದು ಬಂದಿದ್ದ ಗುಮಾಸ್ತ ವಿಜಯ, "ಎಂತ ಸಾಹೇಬ್ರೇ, ಮಳೆ ಎಲ್ಲಿ?" ಎಂದು ಕೂಗಿದ.

ಅಬ್ದುಲ್ ರಹಮಾನ್ ಛತ್ರಿಯನ್ನು ಇನ್ನಷ್ಟು ತಗ್ಗಿಸಿ ಹಿಡಿದ.

"ಮೇಲೆ ನೋಡ್ಬೇಡ ಉಮಣ್ಣ. ಕಂಬದ ಮೇಲೆ ಕೂತಿದೆ. ನಡಿ."